ಬಾಟ್ಲಿ ಬಸ್ಯಾ ಮತ್ತು ಹದಿನೆಂಟು ಮೆಟ್ಟಿಲು

ಉಪಕಾರ ಮಾಡಿದವರನ್ನು ಮರೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಮರೆಯುವ ಉದ್ದೇಶ ನನಗೂ ಇಲ್ಲ. ಆದರೆ ನನಗೆ ಉಪಕಾರ ಮಾಡಿದವರು ನೂರಕ್ಕೂ ಮಿಕ್ಕಿದ ಜನ. ಎಲ್ಲರೂ ಮೈಗಂಟಿದ ಬಣ್ಣಬಣ್ಣದ ಬಟ್ಟೆ ತೊಟ್ಟು ಫ್ರಾನ್ಸ್ ದೇಶದ ಬೆಟ್ಟಗುಡ್ಡಗಳಲ್ಲಿ ಮೂರು ವಾರ ಸೈಕಲ್ ತುಳಿಯುವವರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಮನೆಗೆ ಕರೆದು ಒಂದು ಊಟ ಹಾಕೋಣವೆಂದರೆ ಅಷ್ಟು ದೊಡ್ಡ ಪಾತ್ರೆಯೂ ನನ್ನಲ್ಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನನಗೆ ಸೈಕಲ್ಲೇ ಬರುವುದಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಅಣ್ಣನ ಸೈಕಲ್ ಹತ್ತಿ ನೇರವಾಗಿ ಒಂದು ಎಮ್ಮೆಯ ಹೊಟ್ಟೆಗೆ ಗುದ್ದಿದೆ. ಎಮ್ಮೆ ತಿರುಗಿ ಕೂಡ ನೋಡಲಿಲ್ಲ. ಆ ಅವಮಾನದ ನಂತರ ನಾನು ಮತ್ತೆ ಆ ವಾಹನದ ಸಹವಾಸ ಮಾಡಿಲ್ಲ.

ನಾವಿರುವುದು ವರ್ತೂರಿನಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ನನ್ನ ಗಂಡ ಮಹೇಶನ ಕಾರ್ಖಾನೆ ಇರುವುದು ಪೀಣ್ಯದಲ್ಲಿ, ಅಂದರೆ ಊರಿನ ಇನ್ನೊಂದು ತುದಿಯಲ್ಲಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಅವನು ಮರಳುವುದು ರಾತ್ರಿ ಊಟದ ಹೊತ್ತಿಗೆ. ನಾನು ಸಾಫ್ಟ್‌ವೇರ್ ಪರೀಕ್ಷಿಸುವವಳು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತೇನೆ, ಹೆಚ್ಚಿನ ದಿನ ಮನೆಯಿಂದಲೇ. ನಮ್ಮ ಜೊತೆ ನನ್ನ ಮಾವ ಇದ್ದಾರೆ. ಗದಗಿನ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರೂ ತಪ್ಪು ಹುಡುಕುವವರೇ; ಸಂಬಳ ನಿಂತುಹೋದರೂ ಕೆಲಸ ನಿಲ್ಲಿಸಿಲ್ಲ.

ಆ ಅಭ್ಯಾಸವೇ ಮನೆ ಮಾಲೀಕ ನಾರಾಯಣಪ್ಪನವರ ಜೊತೆ ಜಗಳ ತಂದಿತು. ನಾರಾಯಣಪ್ಪನವರು ಇದೇ ಊರಿನ ಮೂಲದವರು. ಈಗ ಕಟ್ಟಡಗಳು ಎದ್ದಿರುವ ಜಾಗದಲ್ಲಿ ಹಿಂದೆ ಅವರ ಸೊಪ್ಪಿನ ಮಡಿಗಳಿದ್ದವು. ಅವರು ಗೇಟಿಗೆ ಸ್ವಂತ ಕೈಯಿಂದ ಒಂದು ಬೋರ್ಡ್ ಬರೆದು ತೂಗುಹಾಕಿದ್ದರು: ‘ಗೇಟ್ ಮುಂದೆ ಗಾಡಿ ನಿಲ್ಲಿಸ ಬರದು.’ ನಮ್ಮ ಮಾವ ಒಂದು ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೆಂಪು ಪೆನ್ನಿನಿಂದ ಅದನ್ನು ‘ನಿಲ್ಲಿಸಬಾರದು’ ಎಂದು ತಿದ್ದಿದರು. ಅಲ್ಲಿಗೆ ಬಿಟ್ಟಿದ್ದರೂ ನಡೆಯುತ್ತಿತ್ತು. ಕೆಳಗೆ ‘ಹತ್ತಕ್ಕೆ ಆರು’ ಎಂದು ಅಂಕವನ್ನೂ ಕೊಟ್ಟುಬಿಟ್ಟರು. ನಾರಾಯಣಪ್ಪನವರು ಅಂದಿನಿಂದ ಮಾತು ಬಿಟ್ಟರು. ಮಾವನೂ ಬಿಟ್ಟರು. ಇಬ್ಬರ ನಡುವೆ ನೀರು, ಕರೆಂಟು, ಕಸದ ಗಾಡಿಯ ಸಮಾಚಾರವನ್ನೆಲ್ಲ ಹೊತ್ತು ಮೆಟ್ಟಿಲು ಹತ್ತಿಳಿಯುವ ಕೆಲಸ ನನ್ನ ಪಾಲಿಗೆ ಬಂತು.

ಕಳೆದ ಫೆಬ್ರವರಿಯಲ್ಲಿ ಮಾವನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಮಾತಿನ ಹರಿತವೂ ಉಳಿಯಿತು. ಆದರೆ ಎಡಗೈ, ಎಡಗಾಲು ಸೋತವು. ಆಸ್ಪತ್ರೆಯಿಂದ ಬಂದ ದಿನ ನಾಲ್ವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹದಿನೆಂಟು ಮೆಟ್ಟಿಲು ಹತ್ತಿಸಿದರು. ಗೇಟನ್ನು ಹಿಡಿದು ನಿಂತಿದ್ದವರು ನಾರಾಯಣಪ್ಪ. ಅಂದು ಮೇಲೆ ಬಂದ ಮಾವ ಆಮೇಲೆ ಕೆಳಗಿಳಿಯಲೇ ಇಲ್ಲ. ವ್ಯಾಯಾಮ ಮಾಡಿಸಲು ಬಂದ ಹುಡುಗಿ ಕುರ್ಚಿಯ ಮುಂದಿಟ್ಟು ತುಳಿಯುವ ಒಂದು ಪುಟ್ಟ ಪೆಡಲ್ ಯಂತ್ರ ತರಿಸಿ, ದಿನಕ್ಕೆ ಇಪ್ಪತ್ತು ನಿಮಿಷ ತುಳಿಯಲೇಬೇಕು, ಇಲ್ಲದಿದ್ದರೆ ಕಾಲು ಹೀಗೇ ಉಳಿಯುತ್ತದೆ ಎಂದು ಎಚ್ಚರಿಸಿ ಹೋದಳು.

ಮಾವ ಅದನ್ನು ನೋಡಿ, “ಕುಂತಲ್ಲೇ ತುಳಿಯೂದಂದ್ರ ಏನವಾ ಸುಮಾ? ಎಲ್ಲಿಗೂ ಹೋಗಂಗಿಲ್ಲ, ಬರಂಗಿಲ್ಲ. ಗಾಣದ ಎತ್ತಾದ್ರೂ ಒಂದ್ ಸುತ್ತು ತಿರಗತೈತಿ,” ಎಂದರು.

ನಾನು ಬೇಡಿಕೊಂಡೆ, ಬೈದೆ. ಮಹೇಶ ರವಿವಾರಕ್ಕೊಮ್ಮೆ ಭಾಷಣ ಮಾಡಿದ. ಯಂತ್ರದ ಮೇಲೆ ಮೊದಲು ಒಂದು ಟವೆಲ್ ಬಂತು, ಆಮೇಲೆ ಎರಡು ಪಂಚೆ. ಜೂನ್ ಹೊತ್ತಿಗೆ ಅದು ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸಲು ಅತ್ಯಂತ ಪ್ರಶಸ್ತವಾದ ಜಾಗವಾಗಿತ್ತು. ಮಾವ ಕಿಟಕಿಯ ಪಕ್ಕ ಕೂತು ದಿನದಿನಕ್ಕೆ ಚಿಕ್ಕವರಾಗುತ್ತಿದ್ದರು. ನನಗೆ ಭಯವಾಗುತ್ತಿತ್ತು. ಆದರೆ ಅದನ್ನು ಹೇಳಿಕೊಳ್ಳುವ ಬದಲು ನಾನು ಇನ್ನಷ್ಟು ಬೈಯುತ್ತಿದ್ದೆ.

ಜುಲೈನ ಒಂದು ಸಂಜೆ ವಾರ್ತೆ ಹುಡುಕುತ್ತ ಟಿವಿಯಲ್ಲಿ ಏನೋ ಒತ್ತಿದೆ. ಪರದೆಯ ತುಂಬ ಸೂರ್ಯಕಾಂತಿ ಹೊಲ, ಅದರ ಪಕ್ಕದ ರಸ್ತೆಯಲ್ಲಿ ಸೈಕಲ್‌ಗಳ ಹಿಂಡು. “ತಡಿ ತಡಿ, ನಮ್ಮ ಕಡೆ ಹೊಲ ಇದ್ದಂಗ ಐತಿ,” ಎಂದರು ಮಾವ. ಹೊಲ ಮುಗಿದ ಮೇಲೂ ಚಾನೆಲ್ ಬದಲಿಸಲು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಪ್ರಶ್ನೆ ಬಂತು: “ಮುಂದಿದ್ದಂವ ತಾನಾಗೇ ಹಿಂದ ಸರದ್ನಲ್ಲ, ಯಾಕ? ಹುಚ್ಚನೇನು?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೆಡ್‌ಮಾಸ್ಟರರ ಮುಂದೆ ಹೇಳುವ ಧೈರ್ಯವೂ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ. ಇದು ಫ್ರಾನ್ಸಿನಲ್ಲಿ ಮೂರು ವಾರ ನಡೆಯುವ ಸೈಕಲ್ ಓಟ. ಮುಂದಿರುವವನು ಗಾಳಿ ಸೀಳಿಕೊಂಡು ಹೋಗುತ್ತಾನೆ, ಅವನ ಬೆನ್ನಿಗಂಟಿ ಬರುವವನಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಅದಕ್ಕೇ ಸರದಿಯ ಮೇಲೆ ಮುಂದೆ ಬರುತ್ತಾರೆ. ಒಂದು ತಂಡಕ್ಕೆ ಎಂಟು ಜನ. ಅದರಲ್ಲಿ ಏಳು ಜನ ದುಡಿಯುವುದು ತಮ್ಮ ನಾಯಕನೊಬ್ಬ ಗೆಲ್ಲಲೆಂದು. ಪ್ರತಿದಿನದ ಓಟದ ಸಮಯವನ್ನೂ ಕೂಡಿಸಿ, ಎಲ್ಲರಿಗಿಂತ ಕಡಿಮೆ ಸಮಯ ತೆಗೆದುಕೊಂಡವನಿಗೆ ಹಳದಿ ಅಂಗಿ.

“ಏಳು ಮಂದಿ ಬೆವರು ಸುರಿಸಿ ಒಬ್ಬನ್ನ ಗೆಲ್ಲಸ್ತಾರ? ಆ ಏಳು ಮಂದಿ ಹೆಸರು ಎಲ್ಲಿ ಬರೀತಾರ?” ಎಂದು ಮಾವ ಕೇಳಿದರು. ಎಲ್ಲಿಯೂ ಬರೆಯುವುದಿಲ್ಲ ಎಂದೆ. ಮಾವನಿಗೆ ಅದು ಸರಿಬರಲಿಲ್ಲ. ಮರುದಿನ ಅವರು ಹಸಿರು ತಂಡದ ಒಬ್ಬ ಸಹಾಯಕನನ್ನು ಆರಿಸಿಕೊಂಡರು. ಅವನ ಕೆಲಸ ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು, ಬೆನ್ನು ಗೂನಾಗಿ, ಇಡೀ ಗುಂಪನ್ನು ದಾಟಿ ತನ್ನವರಿಗೆ ಹಂಚುವುದು. ಅವನ ಹೆಸರು ಉಚ್ಚರಿಸಲು ನಮ್ಮಿಬ್ಬರಿಗೂ ಆಗದ್ದರಿಂದ ಮಾವ ಅವನಿಗೆ ‘ಬಾಟ್ಲಿ ಬಸ್ಯಾ’ ಎಂದು ನಾಮಕರಣ ಮಾಡಿದರು. ಅವನ ನಾಯಕ, ಹಳದಿ ಅಂಗಿಯವನು, ‘ಸಾಹೇಬ’ನಾದ. ನಾನು ಸುಮ್ಮನೆ ಮಾವನನ್ನು ಕೆಣಕಲೆಂದು ಎದುರು ತಂಡದ ನಾಯಕನ ಪಕ್ಷ ವಹಿಸಿದೆ. ಉದ್ದ ಕಾಲು, ಉದ್ದ ಕುತ್ತಿಗೆಯ ಅವನು ‘ಕೊಕ್ಕರೆ’. ಸಾಹೇಬನಿಗೂ ಕೊಕ್ಕರೆಗೂ ಇದ್ದ ಅಂತರ ಕೆಲವೇ ಸೆಕೆಂಡು. ಕೆಣಕಲೆಂದು ಶುರುವಾದದ್ದು ಮೂರು ದಿನದಲ್ಲಿ ನಿಜವಾದ ವೈರವಾಯಿತು. ಕೊಕ್ಕರೆ ಹಿಂದೆ ಬಿದ್ದ ದಿನ ನಾನು ಮಾವನಿಗೆ ಕೊಡುವ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದೂ ಉಂಟು.

ಮೊದಲ ವಾರದ ಕೊನೆಯಲ್ಲಿ ಸಾಹೇಬನ ಸೈಕಲ್ ಕೆಟ್ಟು ನಿಂತಿತು. ಬಸ್ಯಾ ಒಂದು ಕ್ಷಣವೂ ಯೋಚಿಸದೆ ತನ್ನ ಸೈಕಲ್ಲನ್ನೇ ಅವನಿಗೆ ಕೊಟ್ಟು ರಸ್ತೆ ಬದಿಗೆ ನಿಂತ. ಹಿಂಡು ಹೊರಟುಹೋಯಿತು. ಬೇರೆ ಸೈಕಲ್ ಬರುವ ಹೊತ್ತಿಗೆ ಅವನ ಸುತ್ತ ಯಾರೂ ಇರಲಿಲ್ಲ. ಒಬ್ಬನೇ ಹತ್ತಿ, ಎದುರು ಗಾಳಿಯಲ್ಲಿ ತಲೆ ತಗ್ಗಿಸಿ ತುಳಿಯತೊಡಗಿದ.

ಮಾವ ಟಿವಿಯಿಂದ ಕಣ್ಣು ತೆಗೆಯದೆ, “ಸುಮಾ, ಆ ಯಂತ್ರ ತಗೊಂಬಾ,” ಎಂದರು.

“ಯಾವ ಯಂತ್ರ ಮಾವ?”

“ನೀ ಅರಿವಿ ಒಣಗಸ್ತೀಯಲ್ಲ, ಅದು. ಲಗೂನ ತಗೊಂಬಾ. ಅಂವ ಒಬ್ಬನ ಹೊಂಟಾನ.”

ನಾನು ಪಂಚೆಗಳನ್ನು ನೆಲಕ್ಕೆ ಎಸೆದು ಯಂತ್ರ ಎಳೆದುತಂದೆ. ಎಡಗಾಲನ್ನು ಪೆಡಲಿನ ಮೇಲಿಟ್ಟು ಪಟ್ಟಿ ಬಿಗಿದೆ. ಬಸ್ಯಾ ಹಿಂಡನ್ನು ಕೂಡಿಕೊಳ್ಳುವವರೆಗೆ, ಹನ್ನೊಂದು ನಿಮಿಷ, ಮಾವ ತುಳಿದರು. ಹಣೆಯಲ್ಲಿ ಬೆವರು, ತುಟಿಯಲ್ಲಿ ಬೈಗುಳ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತು ಬಂದೆ.

ಅಂದಿನಿಂದ ಒಂದು ನಿಯಮವಾಯಿತು. ಬಸ್ಯಾ ಮುಂದೆ ಬಂದು ಗಾಳಿಗೆ ಎದೆಯೊಡ್ಡಿದಾಗಲೆಲ್ಲ ಮಾವ ತುಳಿಯಬೇಕು. ನನ್ನ ಕೆಲಸದ ಗತಿ ಕೇಳಬೇಡಿ. ದಿನಾ ಸಂಜೆ ಆರಕ್ಕೆ ನಮ್ಮ ತಂಡದ ಮೀಟಿಂಗ್. ಕಿವಿಯಲ್ಲಿ ಅದು, ಕಣ್ಣಲ್ಲಿ ಇದು. ಒಂದು ದಿನ ಸಹೋದ್ಯೋಗಿಯೊಬ್ಬ, “ನಾನು ಈ ಕಂಪನಿ ಬಿಟ್ಟು ಹೋಗ್ತಾ ಇದೀನಿ,” ಎಂದು ಹೇಳಿ ಮುಗಿಸಿದ್ದ. ಅದೇ ಹೊತ್ತಿಗೆ ಟಿವಿಯಲ್ಲಿ ಒಬ್ಬ ಸವಾರ ಗುಂಪು ಬಿಟ್ಟು ಮುಂದಕ್ಕೆ ನುಗ್ಗಿದ. ನನ್ನ ಮೈಕ್ ತೆರೆದಿರುವುದು ಗೊತ್ತಿಲ್ಲದೆ ನಾನು ಕೂಗಿದೆ: “ಹೋಗ್ಲಿ ಬಿಡಿ! ಹತ್ತು ನಿಮಿಷಕ್ಕೆ ಸುಸ್ತಾಗ್ತಾನೆ, ಆಮೇಲೆ ಹಿಡಿಯೋಣ!” ಆ ಸಹೋದ್ಯೋಗಿ ಈಗ ನನ್ನ ಜೊತೆ ಮಾತಾಡುವುದಿಲ್ಲ. ಮ್ಯಾನೇಜರ್ ಮಾತ್ರ ಆಮೇಲೆ ಫೋನ್ ಮಾಡಿ, ಸಂಸ್ಥೆಯ ಮೇಲೆ ನನಗಿರುವ ವಿಶ್ವಾಸವನ್ನು ಮೆಚ್ಚಿಕೊಂಡರು.

ಕೊನೆಯ ಬೆಟ್ಟದ ದಿನ ಬಂತು. ಅಂದು ಬಸ್ಯಾ ಓಟದ ಶುರುವಿನಲ್ಲೇ ಮುಂದೆ ಓಡಿದ ಸಣ್ಣ ಗುಂಪಿನಲ್ಲಿದ್ದ. ಮೂರು ವಾರದಲ್ಲಿ ಮೊದಲ ಬಾರಿಗೆ ಅವನಿಗೇ ಆ ದಿನದ ಓಟ ಗೆಲ್ಲುವ ಅವಕಾಶ. ಮಾವ ಮಧ್ಯಾಹ್ನದ ನಿದ್ದೆಯನ್ನೂ ಮಾಡಿರಲಿಲ್ಲ. ಏಳು ಗಂಟೆಯ ಹೊತ್ತಿಗೆ ಟಿವಿ ಸತ್ತಿತು. ನಮ್ಮ ಬೀದಿಯ ರಸ್ತೆ ಅಗೆಯುವ ಯಂತ್ರ ಇಂಟರ್ನೆಟ್ ಕೇಬಲನ್ನು ತುಂಡು ಮಾಡಿತ್ತು. ಮೊಬೈಲಿನಲ್ಲಿ ಚಿತ್ರ ಬರಲೇ ಇಲ್ಲ. ಒಂದು ಚಕ್ರ ಸುತ್ತುತ್ತಿತ್ತು, ಅದೂ ಸೈಕಲ್ಲಿನದಲ್ಲ. ಆಗ ಕೆಳಗಿನ ಮನೆಯಿಂದ ಕಾಮೆಂಟರಿ ಕೇಳಿಸಿತು. ನಾರಾಯಣಪ್ಪನವರದು ಛಾವಣಿಯ ಮೇಲಿನ ಡಿಶ್. ಅವರು ಇದನ್ನೇ ನೋಡುತ್ತಿದ್ದರು!

ಮಾವ ಮನೆಯೊಳಗೆ ಓಡಾಡಲು ಇಟ್ಟುಕೊಂಡಿದ್ದ ಕೋಲು ಹಿಡಿದು ಎದ್ದರು. “ಕೆಳಗ ಹೋಗೂಣು.”

“ಮಾವ, ಹದಿನೆಂಟು ಮೆಟ್ಲು!”

“ಎಣಿಸೀನಿ. ಐದ್ ತಿಂಗಳಿಂದ ಅದನ್ನ ಎಣಸಾಕತ್ತೀನಿ. ಹತ್ತಿಸಿದಾಗಿಂದ ಒಮ್ಮೆನೂ ಇಳದಿಲ್ಲ, ನಾಕ್ ಮಂದಿ ಹೆಗಲ ಮ್ಯಾಲ ಹೊತ್ತು ಇಳಸೂ ದಿನಾನ ಇಳೀತೀನಿ ಅನ್ಕೊಂಡಿದ್ದೆ.”

ನಾನು ಮೆಟ್ಟಿಲ ತುದಿಗೆ ಓಡಿ, “ಅಂಕಲ್! ಸ್ವಲ್ಪ ಬರ್ತೀರಾ? ಮಾವ ಕೆಳಗೆ ಬರ್ಬೇಕಂತೆ,” ಎಂದು ಕೂಗಿದೆ. ನಾರಾಯಣಪ್ಪನವರು ಲುಂಗಿ ಎತ್ತಿ ಕಟ್ಟುತ್ತ ಹೊರಗೆ ಬಂದರು. ಮೇಲೆ ನೋಡಿದರು. ಮೆಟ್ಟಿಲು ಹತ್ತಿ ಬಂದು, ಮಾವನಿಗೆ ಮುಖ ಮಾಡಿ, ಒಂದು ಮೆಟ್ಟಿಲು ಕೆಳಗೆ ನಿಂತರು. ನಾನು ಹಿಂದಿನಿಂದ ಮಾವನ ಸೊಂಟಕ್ಕೆ ಟವೆಲ್ ಸುತ್ತಿ ಬಿಗಿಯಾಗಿ ಹಿಡಿದೆ.

“ಸೋತ ಕಾಲು ಮೊದ್ಲು ಇಕ್ಕಿ ಮೇಷ್ಟ್ರೇ. ಎದ್ರುಕೋಬೇಡಿ, ಬಿದ್ರೆ ನನ್ಮೇಲೇ ಬೀಳ್ತೀರ. ನಾನ್ ಮೂಟೆ ಒತ್ತು ಪಳಗಿರೋನು,” ಎಂದರು ನಾರಾಯಣಪ್ಪ.

ಒಂದು ಮೆಟ್ಟಿಲು. ಇನ್ನೊಂದು. ಏಳನೆಯದರಲ್ಲಿ ಎಡಗಾಲು ಮಡಚಿಕೊಂಡಿತು. ನಾನು ಟವೆಲನ್ನು ಹಿಂದಕ್ಕೆ ಎಳೆದು ಹಿಡಿದೆ. ನಾರಾಯಣಪ್ಪನವರು ಎರಡೂ ಕೈಗಳನ್ನು ಮಾವನ ಎದೆಗೆ ಆನಿಸಿ ನಿಂತರು. ಮಾವನ ಗಮನ ಬೇರೆ ಕಡೆ ಹೊರಳಿಸಲೋ ಏನೋ, ಮಾತು ತೆಗೆದರು: “ನಿಮ್ಮ ಗಲಾಟೆ ದಿನಾ ಕೇಳಿ ಕೇಳಿ, ಇವ್ರು ಏನ್ ನೋಡ್ತಾವ್ರೆ ಅಂತ ನಾನೂ ಟಿವಿ ಆಕ್ದೆ. ನೋಡಿದ್ರೆ ನಮ್ಮ ಸೈಕಲ್ಲು! ನಾವು ನಾಕ್ ಜನ ಒತ್ತಾರೆನೇ ಸೊಪ್ಪು ಏರ್ಕಂಡು ಮಾರ್ಕೆಟ್ಟಿಗೆ ಓಗ್ತಿದ್ವಿ. ಗಾಳಿ ಒಡೆದ್ರೆ ಒಬ್ಬೊಬ್ರು ಸರದಿ ಮೇಲೆ ಮುಂದೆ. ಮುಂದಿರೋನ ಕಷ್ಟ ಹಿಂದಿರೋನ್ಗೇ ಗೊತ್ತಾಗೋದು ಮೇಷ್ಟ್ರೇ.”

“ನೀವು ಯಾರ ಕಡೆ?” ಎಂದು ಮಾವ ಏದುಸಿರಿನಲ್ಲೇ ಕೇಳಿದರು.

“ಆ ನೀರು ಒರೋ ಉಡುಗನ ಕಡೆ.”

ಮಾವ ತಾವಾಗಿಯೇ ಎಂಟನೆಯ ಮೆಟ್ಟಿಲಿಗೆ ಕಾಲಿಟ್ಟರು.

ನಾವು ಟಿವಿಯ ಮುಂದೆ ಕೂರುವ ಹೊತ್ತಿಗೆ ಬೆಟ್ಟದ ಮೇಲೆ ಸಾಹೇಬ ಬಳಲಿ ಬೆಂಡಾಗಿದ್ದ, ಕೊಕ್ಕರೆ ಅವನನ್ನು ಬಿಟ್ಟು ಮೇಲಕ್ಕೆ ಹೋಗುತ್ತಿದ್ದ. ಬಸ್ಯಾ ಇವರೆಲ್ಲರಿಗಿಂತ ಬಹಳ ಮುಂದೆ, ಗೆಲುವಿಗೆ ಹತ್ತಿರ. ಅವನು ಕಿವಿಯ ರೇಡಿಯೋಗೆ ಕೈಯಿಟ್ಟು ತಂಡದ ಆದೇಶ ಕೇಳಿಸಿಕೊಂಡ. ತುಳಿಯುವುದನ್ನು ನಿಲ್ಲಿಸಿದ. ಒಂದು ಕಾಲು ನೆಲಕ್ಕೂರಿ, ಹಿಂದೆ ತಿರುಗಿ, ತನ್ನ ನಾಯಕನಿಗಾಗಿ ಕಾದ. ಸಾಹೇಬ ಬಂದಾಗ ಅವನ ಮುಂದೆ ಗಾಳಿ ಸೀಳುತ್ತ ತುಳಿದು ಮೈಯಲ್ಲಿದ್ದುದನ್ನೆಲ್ಲ ಸುರಿದ. ಶಕ್ತಿ ಮುಗಿದ ಮೇಲೆ ಪಕ್ಕಕ್ಕೆ ಸರಿದ. ಕ್ಯಾಮೆರಾ ಮುಂದಿನವರ ಜೊತೆ ಹೋಯಿತು.

ಮಾವ ಕಣ್ಣೊರೆಸಿಕೊಂಡರು. “ಮೂವತ್ ವರ್ಷ ನಮ್ಮ ಸಾಲಿ ಹಲಗಿ ಮ್ಯಾಲ ಪಹಿಲೆ ನಂಬರ ಬಂದವರ ಹೆಸರಷ್ಟ ಬರಸೀನ್ರೀ ನಾರಾಯಣಪ್ಪ. ದೊಡ್ಡ ತಪ್ಪಾತು.”

“ಓಗ್ಲಿ ಬಿಡಿ ಮೇಷ್ಟ್ರೇ. ಅತ್ತಕ್ಕೆ ಆರು ಕೊಡಾನ,” ಎಂದರು ನಾರಾಯಣಪ್ಪ. ಇಬ್ಬರೂ ನಕ್ಕ ನಗುವಿಗೆ ಕಾಮೆಂಟರಿ ಕೇಳದಾಯಿತು. ಅವರ ಹೆಂಡತಿ ಕಾಫಿ ತಂದರು. ನಾವು ಮೂವರೂ ಬಸ್ಯಾ ಗುರಿ ಮುಟ್ಟುವುದನ್ನೇ ಕಾದೆವು. ಎಷ್ಟೋ ಹೊತ್ತಿನ ಮೇಲೆ, ಕೊನೆಯ ಗುಂಪಿನಲ್ಲಿ, ಉಪ್ಪುಗಟ್ಟಿದ ಮುಖದಲ್ಲಿ ನಗುತ್ತ ಅವನು ಬಂದ. ಮಾವ ಚಪ್ಪಾಳೆ ತಟ್ಟಿದರು. ಬಲಗೈಯನ್ನು ಸೇರಲು ಎಡಗೈ ತೊಡೆಯಿಂದ ಮೇಲೆದ್ದಿತ್ತು. ಅದನ್ನು ನಾನು ನೋಡಿದೆ, ನಾರಾಯಣಪ್ಪ ನೋಡಿದರು.

ಪೀಣ್ಯದಿಂದ ಮರಳಿದ ಮಹೇಶ ಗೇಟು ತೆರೆದವನು ಅಲ್ಲೇ ನಿಂತುಬಿಟ್ಟ. ಅವನ ಅಪ್ಪ ಕೆಳಗಿನ ಮನೆಯ ಜಗಲಿಯಲ್ಲಿ ಕೂತು ನಾರಾಯಣಪ್ಪನವರ ಜೊತೆ ಮುದ್ದೆ ಮುರಿಯುತ್ತಿದ್ದರು. “ಅಪ್ಪಾ, ನೀ ಹೆಂಗ...” ಎಂದವನು ಬ್ಯಾಗನ್ನು ಕೆಳಗಿಡುವುದನ್ನೂ ಮರೆತು ಅಪ್ಪನ ಪಕ್ಕ ಕುಳಿತ. ನಾನು ಉತ್ಸಾಹದಿಂದ ಅರ್ಧ ಗಂಟೆ ವಿವರಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾವ ತಂಡ ಯಾವ ತಿರುವಿನಲ್ಲಿ ಎಡವಿತು, ಬಸ್ಯಾ ಎಲ್ಲಿ ನಿಂತ, ಏಳನೆಯ ಮೆಟ್ಟಿಲಲ್ಲಿ ಏನಾಯಿತು, ಎಲ್ಲವನ್ನೂ. ಪರಿಣತೆಯ ಗತ್ತಿನಲ್ಲಿ ಕೈ ಬೀಸಿ ಬೀಸಿ ಹೇಳಿದೆ.

ಮಹೇಶ ಎಲ್ಲವನ್ನೂ ಕೇಳಿ, “ಸರಿ, ಕೊನೆಗೆ ಇವತ್ತು ಗೆದ್ದಿದ್ದು ಯಾರು?” ಎಂದ.

ನಾನು ಮಾವನ ಮುಖ ನೋಡಿದೆ. ಮಾವ ನಾರಾಯಣಪ್ಪನವರ ಮುಖ ನೋಡಿದರು. ನಾರಾಯಣಪ್ಪನವರು ಸಾರಿನ ಪಾತ್ರೆ ನೋಡಿದರು.

“ಯಾರರ ಗೆದ್ದಿರ್ತಾರ ಬಿಡಪಾ,” ಎಂದರು ಮಾವ. “ಯಾರರ ಒಬ್ಬರು ಗೆಲ್ಲಬೇಕಲ್ಲ.”

ಮೂರು ವಾರ, ದಿನಕ್ಕೆ ನಾಲ್ಕು ತಾಸು, ಮೀಟಿಂಗುಗಳ ಮಾನ ಕಳೆದು ನೋಡಿದವಳು ನಾನು. ಯಾರಾದರೂ ಆ ಪ್ರಶ್ನೆ ಕೇಳಿದರೆ ಇವತ್ತಿಗೂ, ಗಾಳಿಯ ದಿಕ್ಕಿನ ಬಗ್ಗೆ ಮಾತಾಡಿ ತಪ್ಪಿಸಿಕೊಳ್ಳುತ್ತೇನೆ.