ಅಪ್ಪನ ಮುಖ ಮತ್ತು ನನ್ನ ಕಟ್ಟಿಂಗ್ ವಿದ್ಯೆ

ಕ್ಯಾಮೆರಾ ಕಲಿಯಲು ಹೊರಟವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುವ ಮೊದಲೇ ಅದು ಬಂದು ಎದುರಿಗೆ ನಿಂತಿರುತ್ತದೆ. ನನ್ನನ್ನಂತೂ ಅದು ಒಂದು ಊರಿನಲ್ಲೂ ಬಿಡಲಿಲ್ಲ.

ಆಗಿನ್ನೂ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಮಾತಾಡುವ ಸಿನಿಮಾ ಬಂದ ಮೇಲೆ ಅಲ್ಲಿನ ಯಾವುದೋ ಕಂಪನಿಯವರು ಮೂಲೆಗೆ ಎಸೆದಿದ್ದ ಹಳೆಯ ಮೂಕಿ ಕ್ಯಾಮೆರಾವೊಂದನ್ನು ಹೊತ್ತುಕೊಂಡು ನಮ್ಮ ಮಾಸ್ತರು ಹೊಸಪೇಟೆಗೆ ಬಂದಿಳಿದರು. ಕೈಯಿಂದ ಹಿಡಿಕೆ ತಿರುಗಿಸಿದರೆ ಮಾತ್ರ ಓಡುವ ಕ್ಯಾಮೆರಾ ಅದು. ಒಂದು ಬೆಲ್ಲದ ಗೋದಾಮಿಗೆ ‘ಚಲನಚಿತ್ರ ವಿದ್ಯಾಶಾಲೆ’ ಎಂದು ಬೋರ್ಡು ತೂಗಿಹಾಕಿದರು. ವಿದ್ಯಾರ್ಥಿಗಳಲ್ಲಿ ನಾನೇ ಮೊದಲಿಗ, ನಾನೇ ಕೊನೆಯವ.

ಕಂಪ್ಲಿಯಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. “ಯುಗಾದಿ ತನಕ ಆಡ್ಕೊ. ಆಮ್ಯಾಲ ಏನ್ ಕಲ್ತಿ ಅಂತ ನನಗ ತೋರ್ಸು. ಛಲೋ ಇದ್ರ ಮದ್ರಾಸಿಗೆ ಕಳಸ್ತೀನಿ. ಇಲ್ಲಾಂದ್ರ ಸುಮ್ಕ ಗಿರಣ್ಯಾಗ ಬಂದು ಕುಂದ್ರು,” ಎಂದಿದ್ದ. ಹುಟ್ಟಿದಾಗಿನಿಂದ ಆ ಗಿರಣಿಯ ತೌಡಿನ ಧೂಳಿಗೆ ಸೀನುತ್ತ ಬೆಳೆದವನು ನಾನು. ಮದರಾಸಿಗೆ ಹೋಗದಿದ್ದರೆ ಸಾಯುವ ತನಕ ಸೀನುವುದೇ ಗತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹಂಪಿ ಬಜಾರು ಉಸಿರು ಕಟ್ಟಿದ್ದು

ಮೊದಲ ಪಾಠ ಹಂಪಿ ಬಜಾರಿನಲ್ಲಿ. “ಚಲನೆ ಹಿಡಿಯಬೇಕಪ್ಪ, ಚಲನೆ! ಬೀದಿಯ ಜೀವ ಹಿಡಿಯಬೇಕು,” ಎಂದು ಮಾಸ್ತರು ಎತ್ತಿನ ಗಾಡಿಯಲ್ಲಿ ದಾರಿಯುದ್ದಕ್ಕೂ ಉಪದೇಶ ಮಾಡಿದರು. ನಾವು ಹೋದಾಗ ಬಜಾರಿನಲ್ಲಿ ಜೀವಕ್ಕೇನೂ ಕಡಿಮೆ ಇರಲಿಲ್ಲ. ಬಳೆ ಮಾರುವಾಕೆ ಯಾರನ್ನೋ ಬೈಯುತ್ತಿದ್ದಳು, ಒಬ್ಬ ಬಾಳೆಗೊನೆ ಹೊತ್ತು ಬರುತ್ತಿದ್ದ, ಪೂಜಾರಪ್ಪ ಹೂವಿನ ತಟ್ಟೆ ಹಿಡಿದು ಗುಡಿಯ ಕಡೆ ಓಡುತ್ತಿದ್ದರು.

ನಾನು ಸ್ಟ್ಯಾಂಡ್ ಊರಿದೆ ನೋಡಿ, ಇಡೀ ಬಜಾರು ಕಲ್ಲಾಯಿತು. ಫೋಟೋ ಅಂದರೆ ಅಲ್ಲಾಡಬಾರದು, ಉಸಿರು ಬಿಡಬಾರದು ಎಂಬುದು ಆಗ ನಮ್ಮ ಕಡೆ ಎಲ್ಲರೂ ಪಾಲಿಸುತ್ತಿದ್ದ ಶಾಸ್ತ್ರ.

“ಅಲ್ಲಾಡಿ! ನಡೆಯಿರಿ!” ಎಂದು ಮಾಸ್ತರು ಕೂಗಿದರು.

“ನಮಗ ತಿಳಿಯಂಗಿಲ್ಲ ಅಂತ ಮಾಡೀರೇನು?” ಎಂದ ಬಾಳೆಗೊನೆಯವನು, ತುಟಿ ಕದಲಿಸದೆ. “ನಮ್ಮಣ್ಣ ಮದಿವ್ಯಾಗ ಅಲ್ಲಾಡಿದ್ದಕ್ಕ ಫೋಟೋದಾಗ ಅವಗ ಮೂರು ಕೈ ಬಂದಾವು.”

“ಇದು ಅಂಥ ಫೋಟೋ ಅಲ್ಲಪ್ಪ. ನೀನು ಈಗ ನಡೆದರೆ ಚಿತ್ರದಲ್ಲೂ ಹಾಗೇ ನಡೆಯುತ್ತಲೇ ಇರುತ್ತೀಯ.”

ಅವನು ಸ್ವಲ್ಪ ಯೋಚಿಸಿದ. “ಹಂಗಾದ್ರ ಗೊನಿ ಇಳಿಸಿ ಬರ್ತೀನ್ ತಡೀರಿ. ಇದನ್ನ ಹೊತ್ಕೊಂಡು ಎಷ್ಟ್ ದಿನ ನಡಿಯಾದು?”

ಅಷ್ಟರಲ್ಲಿ ಎಲ್ಲಿಂದಲೋ ಒಂದು ಮೇಕೆ ಬಂದು ಪೂಜಾರಪ್ಪನ ತಟ್ಟೆಗೆ ಬಾಯಿ ಹಾಕಿತು. ಪೂಜಾರಪ್ಪ ಕಣ್ಣಿನಲ್ಲೇ ಶಾಪ ಹಾಕುತ್ತ ನಿಂತರೇ ಹೊರತು ಕದಲಲಿಲ್ಲ. ಅದು ದೇವರ ಹೂವನ್ನೆಲ್ಲ ತಿಂದು, ಕ್ಯಾಮೆರಾದ ಕಡೆಗೊಮ್ಮೆ ನೋಡಿ ಹೋಯಿತು. ಹೊಸಪೇಟೆಗೆ ಬಂದು ಫಿಲ್ಮ್ ತೊಳೆದು ನೋಡಿದ ಮಾಸ್ತರು ತೀರ್ಪು ಕೊಟ್ಟರು. “ಮೇಕೆ ಚೆನ್ನಾಗಿ ಅಭಿನಯಿಸಿದೆ. ಉಳಿದವರಿಗೆ ತರಬೇತಿ ಸಾಲದು.”

ಸಂಡೂರಿನ ಕುಸ್ತಿ

ನಿಂತವರ ಸಹವಾಸ ಸಾಕು, ನಿಲ್ಲಲಾರದವರನ್ನು ಹಿಡಿಯೋಣ ಎಂದು ಮಾಸ್ತರು ನನ್ನನ್ನು ಸಂಡೂರಿನ ಕುಸ್ತಿಗೆ ಕರೆದುಕೊಂಡು ಹೋದರು. ಕ್ಯಾಮೆರಾದ ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸುವುದು ಅಂದಿನ ಪಾಠ. “ಮನಸ್ಸಿನಲ್ಲಿ ಒಂದು ಹಾಡು ಗುನುಗಿಕೊ, ಅದರ ತಾಳಕ್ಕೆ ತಿರುಗಿಸು,” ಎಂದರು. ನನಗೆ ಬರುತ್ತಿದ್ದುದು ನಮ್ಮ ಮಠದ ಭಜನೆಯೊಂದೇ. ಅದು ಶುರುವಾಗುವುದು ಜೋಗುಳದ ಹಾಗೆ, ಮುಗಿಯುವ ಹೊತ್ತಿಗೆ ತಾಳ ಬಡಿಯುವವನ ತೋಳು ಕಾಣಿಸುವುದಿಲ್ಲ.

ಪೈಲ್ವಾನರು ಕೈ ಕುಲುಕಿದಾಗ ನನ್ನ ಭಜನೆ ಶುರುವಾಯಿತು. ಅವರು ಪಟ್ಟು ಹಾಕಿದರು, ನನ್ನ ಭಜನೆ ಏರಿತು. ಒಬ್ಬ ಇನ್ನೊಬ್ಬನನ್ನು ಎತ್ತಿ ಒಗೆಯುವ ಹೊತ್ತಿಗೆ ನಾನು ದೇವರನ್ನು ಕಾಣುವ ಸ್ಥಿತಿಯಲ್ಲಿದ್ದೆ, ಹಿಡಿಕೆ ಗಿರಗಿರನೆ ತಿರುಗುತ್ತಿತ್ತು. ಕ್ಯಾಮೆರಾದ ಹಿಡಿಕೆ ಜೋರಾಗಿ ತಿರುಗಿದರೆ ಪರದೆಯ ಮೇಲೆ ಎಲ್ಲವೂ ನಿಧಾನವಾಗಿ ಕಾಣುತ್ತದೆ. ಈ ಸಣ್ಣ ಸಂಗತಿಯನ್ನು ಮಾಸ್ತರು ಮುಂದಿನ ಪಾಠಕ್ಕೆಂದು ಜೋಪಾನವಾಗಿ ತೆಗೆದಿಟ್ಟಿದ್ದರು.

ತಮ್ಮ ಪ್ರತಾಪ ನೋಡಲು ಇಬ್ಬರೂ ಪೈಲ್ವಾನರು ಹೊಸಪೇಟೆಗೆ ಬಂದರು. ಪರದೆಯ ಮೇಲೆ ಅವರು ಬಿರುಸಾಗಿ ಬಂದು ಕೈ ಕುಲುಕಿದರು. ಆಮೇಲೆ ಮೆಲ್ಲಗೆ, ಇನ್ನೂ ಮೆಲ್ಲಗೆ, ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟರು. ಕೊನೆಗೆ ಗೆದ್ದವನು ಸೋತವನನ್ನು ಕೂಸಿನ ಹಾಗೆ ಎತ್ತಿ ಮಣ್ಣಿನಲ್ಲಿ ಮಲಗಿಸಿದ.

ಗೆದ್ದವನು ಎದ್ದು ನಿಂತ. “ಇದೇನ್ ಕುಸ್ತಿ ಏನ್ರಿ ಮಾಸ್ತರ? ತವರಿಗೆ ಬಂದ ಅಕ್ಕ-ತಂಗೇರು ಅಪ್ಕೊಂಡಂಗ ಐತಲ್ಲ!”

“ಅದು ಕಲೆ, ಪೈಲ್ವಾನ್ರೆ.”

“ಹೌದಾ? ಬರ್ರಿ ಹೊರಗ. ನಮ್ಮ ಕಲಾನೂ ಒಂದೀಟು ನೋಡೀರಂತ.”

ಮಾಸ್ತರು ಹಿಂಬಾಗಿಲಿನಿಂದ ಓಡಿದರು. ಆ ಓಟವನ್ನು ಯಾವ ಭಜನೆ ಹಾಡಿ ತೆಗೆದರೂ ನಿಧಾನವಾಗಿ ತೋರಿಸಲು ಆಗುತ್ತಿರಲಿಲ್ಲ.

ಇರುವೆಗಳು ಮುಂದೆ, ನಾನು ಹಿಂದೆ

ಮಾಸ್ತರು ತಿರುಗಿ ಬಂದ ಮೇಲೆ ಮೊಂಟಾಜ್ ಪಾಠ ಶುರುವಾಯಿತು. ಆ ಪದ ಹೇಳುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಒಂದು ಮುಖದ ಪಕ್ಕಕ್ಕೆ ಒಂದು ವಸ್ತು ಅಂಟಿಸು. ಮುಖದಲ್ಲೂ ಇಲ್ಲದ, ವಸ್ತುವಿನಲ್ಲೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ!” ನಾನು ಕತ್ತರಿ ಹಿಡಿದು ಫಿಲ್ಮ್ ಕತ್ತರಿಸಿ, ಅಂಟು ಹಚ್ಚಿ, ಗೋದಾಮಿನಲ್ಲಿ ಒಣಗಲು ಬಿಟ್ಟೆ. ಅದು ಬೆಲ್ಲದ ಗೋದಾಮು ಎಂಬುದು ನಮಗಿಬ್ಬರಿಗೂ ಮರೆತುಹೋಗಿತ್ತು, ಇರುವೆಗಳಿಗೆ ಮರೆತಿರಲಿಲ್ಲ. ಬೆಳಿಗ್ಗೆ ನೋಡಿದರೆ ಬೆಲ್ಲದ ಅಂಟು ಹತ್ತಿದ ಫಿಲ್ಮನ್ನು ತಮಗೆ ಬೇಕಾದಲ್ಲಿ ಕೆರೆದು ತಿಂದು ಹಾಕಿದ್ದವು. “ನಿನಗಿಂತ ಇವುಗಳಿಗೇ ಜಲ್ದಿ ಹತ್ತಿತು ವಿದ್ಯೆ,” ಎಂದು ಮಾಸ್ತರು ಉಳಿದ ತುಂಡುಗಳ ಸಮೇತ ನನ್ನನ್ನು ಕಂಪ್ಲಿಗೆ ಅಟ್ಟಿದರು.

ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ತುಂಡುಗಳನ್ನು ತೂಗುಬಿಟ್ಟು ಕೂತೆ. ಇದೇನು ಎಂದು ಅವ್ವ ಕೇಳಿದಳು. ನಾನೂ ಕಣ್ಣು ಮುಚ್ಚಿಕೊಂಡು ಮೊಂಟಾಜ್ ವಿವರಿಸಿದೆ.

“ಇಷ್ಟಾನ?” ಎಂದಳು ಅವ್ವ. “ಹೊಸ ಸೊಸಿ ಒಬ್ಬಾಕಿನ ಕುಂತ್ರ ನಕ್ಕಂಗ ಕಾಣ್ತಾಳ. ಬಾಜೂಕ ಅತ್ತಿ ಬಂದು ಕುಂತ್ರ ಅದ ಮುಖ ಅತ್ತಂಗ ಕಾಣ್ತೈತಿ. ಇದನ್ನ ಕಲಿಯಾಕ ಮದ್ರಾಸ್ ಯಾಕ ಬೇಕು?”

ವಿದ್ಯೆಯ ಆಳ ಹೆಂಗಸರಿಗೆ ತಿಳಿಯದು ಎಂದುಕೊಂಡು ಮತ್ತೆ ತುಂಡುಗಳ ಕಡೆ ತಿರುಗಿದೆ. ಆಗ ನಾನು ಅಷ್ಟು ಬುದ್ಧಿವಂತನಿದ್ದೆ.

ಗಿರಣಿಯಲ್ಲಿ ಸಿನಿಮಾ

ಯುಗಾದಿ ಹತ್ತಿರ ಬಂತು. ಮಾಸ್ತರನ್ನು ಕಾಡಿ ಬೇಡಿ ಕ್ಯಾಮೆರಾ ಕಂಪ್ಲಿಗೆ ತಂದೆ. ಅಪ್ಪನಿಗೆ ತೋರಿಸುವ ಸಿನಿಮಾದಲ್ಲಿ ಅಪ್ಪನೇ ನಾಯಕನಾದರೆ ಮದರಾಸು ಖಂಡಿತ ಎಂಬುದು ನನ್ನ ಲೆಕ್ಕಾಚಾರ. ಅಪ್ಪ ವಿಭೂತಿ ಬಳಿದುಕೊಂಡು, ರುಮಾಲು ಸುತ್ತಿ, ಕೋಟು ತೊಟ್ಟು, ಎರಡೂ ಮೊಣಕಾಲ ಮೇಲೆ ಕೈ ಇಟ್ಟು ಗಿರಣಿಯ ಮುಂದೆ ಕುರ್ಚಿಯಲ್ಲಿ ಕೂತ. ಹಂಪಿಯ ಬಾಳೆಗೊನೆಯವನನ್ನೂ ಮೀರಿಸಿದ. ರೆಪ್ಪೆ ಕೂಡ ಬಡಿಯಲಿಲ್ಲ. ಇದ್ದ ಆ ಒಂದೇ ಮುಖವನ್ನು ನಾನು ತುಂಡು ತುಂಡು ಮಾಡಿ ಸಿನಿಮಾದ ತುಂಬ ಹಂಚಿದೆ. ಮುಖ, ಭತ್ತದ ರಾಶಿ. ಮುಖ, ಹೋಳಿಗೆ ತಟ್ಟೆ. ಕೊನೆಗೆ ಮುಖ, ಗಾಡಿಯಿಂದ ಇಳಿಯುತ್ತಿರುವ ಅಜ್ಜಿ, ಅಂದರೆ ಅವ್ವನ ತಾಯಿ. ಕುಟುಂಬ ವಾತ್ಸಲ್ಯ ತೋರಿಸುವುದು ನನ್ನ ಉದ್ದೇಶ.

ಹಬ್ಬದ ಮಧ್ಯಾಹ್ನ ಗಿರಣಿಯ ಬಾಗಿಲು ಮುಚ್ಚಿ ಕತ್ತಲೆ ಮಾಡಿದೆವು. ಮಾಸ್ತರು ಪ್ರೊಜೆಕ್ಟರ್ ಹಿಡಿದು ಹೊಸಪೇಟೆಯಿಂದ ಬಂದಿದ್ದರು. ಬಿಳಿ ಧೋತ್ರ ಕಟ್ಟಿದ ಗೋಡೆಯ ಮುಂದೆ ಅಪ್ಪ, ಅವ್ವ, ಅಜ್ಜಿ, ಹಿಂದೆ ಗಿರಣಿಯ ಹಮಾಲರು. ಅಪ್ಪನ ಷರತ್ತು ಎಲ್ಲರಿಗೂ ಗೊತ್ತಿತ್ತು.

ಭತ್ತದ ರಾಶಿ ಬಂತು. “ಸಾವ್ಕಾರ್ರಿಗೆ ಭತ್ತ ಅಂದ್ರ ಏನ್ ಪ್ರೀತಿ ನೋಡ್ಲೇ,” ಎಂದ ಒಬ್ಬ ಹಮಾಲ. ನನಗೆ ಧೈರ್ಯ ಬಂತು. ಹೋಳಿಗೆ ಬಂತು. “ಪಾಪ, ಭಾಳ ಹಸ್ದಾರ.” ಅಪ್ಪ ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡ. ಆಮೇಲೆ ಅಜ್ಜಿ ಗಾಡಿಯಿಂದ ಇಳಿದಳು.

ಹಿಂದಿನಿಂದ ಒಬ್ಬ ಹಮಾಲ ಕೂಗಿದ.

“ಅಯ್ಯಯ್ಯಪ್ಪ! ಸಾವ್ಕಾರ್ರು ಹೆದರ್ಯಾರ!”

ಗಿರಣಿಯ ತಗಡು ಹಾರಿಹೋಗುವಂಥ ನಗು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಜ್ಜಿ ಮಾತ್ರ ನಗಲಿಲ್ಲ. “ಲಗ್ನ ಆದಾಗಿಂದ ನನ್ನ ನೋಡಿ ಇದ ಮುಖ ಮಾಡ್ತಾನ. ಮಿಷನ್ ಸುಳ್ ಹೇಳಂಗಿಲ್ಲ ಬಿಡ್ರಿ,” ಎಂದಳು.

ಅಪ್ಪ ಎದ್ದು ನಿಂತ. “ನಾ ಆವಾಗ ಅತ್ತೀನ್ನ ನೋಡೇ ಇಲ್ಲ! ಆ ಮಿಷನ್ ನೋಡಾಕತ್ತಿದ್ದೆ!”

“ಅದೇ ಮೊಂಟಾಜ್, ಸಾಹುಕಾರ್ರೆ!” ಎಂದು ಮಾಸ್ತರು ಕುಣಿದಾಡಿದರು. “ಮುಖ ಒಂದೇ, ಪಕ್ಕದಲ್ಲಿ ಇಟ್ಟದ್ದರಿಂದ ಅರ್ಥ!”

ನನ್ನ ಮದರಾಸು ನನ್ನ ಕಣ್ಣೆದುರಿಗೇ ರೈಲು ಹತ್ತಿ ಹೋಯಿತು. ಬಾಗಿಲು ತೆಗೆದರು, ನಗು ನಿಂತಿತು. ಅಪ್ಪ ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ಕೈ ಇಟ್ಟುಕೊಂಡ. ನಾನು ಹತ್ತಿರ ಹೋಗಿ, “ಅಪ್ಪಾ, ಮದ್ರಾಸಿಗೆ ಹೋಗ್ಲೇನು?” ಎಂದು ಕೇಳಿದೆ.

ಅಪ್ಪ ನನ್ನನ್ನು ನೋಡಿದ. ಅದೇ ಮುಖ. ಸಿಟ್ಟೋ ಒಪ್ಪಿಗೆಯೋ, ಒಂದೂ ತಿಳಿಯಲಿಲ್ಲ. ದಿನಗಟ್ಟಲೆ ಆ ಮುಖವನ್ನು ಕೈಯಲ್ಲಿ ಹಿಡಿದು ಕತ್ತರಿಸಿದವನು ನಾನು, ನನಗೇ ಅದನ್ನು ಓದಲಾಗಲಿಲ್ಲ. ನಿಜಕ್ಕೂ ಅಳು ಬಂತು. ಹಮಾಲರು ಅಪ್ಪನ ಮುಖವನ್ನೇ ನೋಡುತ್ತಿದ್ದರು. ಮಾಸ್ತರು ಹಿಂಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದರು.

ಅವ್ವ ಎದ್ದು ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ಹೋದಳು. ಬರುವಾಗ ನನ್ನ ತಗಡಿನ ಟ್ರಂಕು ತಂದಳು. ಯಾವಾಗ ತುಂಬಿಟ್ಟಿದ್ದಳೋ. ಅದನ್ನು ಅಪ್ಪನ ಕುರ್ಚಿಯ ಪಕ್ಕಕ್ಕೆ ಇಟ್ಟಳು. ಅದರ ಮೇಲೆ ರೊಟ್ಟಿ ಬುತ್ತಿಯ ಗಂಟು ಇಟ್ಟು, ಹಿಂದೆ ಸರಿದು ನಿಂತಳು.

ಎಲ್ಲರೂ ಅಪ್ಪನ ಮುಖ ನೋಡಿದರು, ಟ್ರಂಕು ನೋಡಿದರು, ಮತ್ತೆ ಮುಖ ನೋಡಿದರು.

“ಸಾವ್ಕಾರ್ರು ಒಪ್ಯಾರಲೇ!” ಎಂದು ಹಮಾಲರು ಚಪ್ಪಾಳೆ ತಟ್ಟಿದರು.

ಅಪ್ಪ ಅಲ್ಲಾಡದೆ ಕಣ್ಣು ಮಾತ್ರ ಹೊರಳಿಸಿ ಟ್ರಂಕಿನ ಕಡೆ ನೋಡಿದ. ತಾನು ಒಪ್ಪಿದ್ದೇನೆಂದು ಅವನಿಗೂ ಆಗಲೇ ತಿಳಿದದ್ದು.