ಅಮೆರಿಕದ ಸಾವಿಗೆ ಅಲ್ ನಹ್ದಾದ ಗಂಜಿ

ಉಡುಪಿಯಿಂದ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದರೆ ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಈ ಸಲ ಅಮೆರಿಕವೂ ಸಿಕ್ಕಿಹಾಕಿಕೊಂಡಿತು.

ಹುಟ್ಟಿದವರು

ಮಗಳು ಓದುವುದು ಇಲ್ಲಿನ ಅಮೆರಿಕನ್ ಪಠ್ಯಕ್ರಮದ ಶಾಲೆಯಲ್ಲಿ. ಅಮೆರಿಕದ ಒಂದು ವರ್ಷ ಆರಿಸಿ, ಆಗ ನಡೆದದ್ದು, ಹುಟ್ಟಿದವರು, ಸತ್ತವರು ಎಂದು ಚಾರ್ಟ್ ಬರೆದು ತರಗತಿಯ ಮುಂದೆ ನಿಂತು ಹೇಳಬೇಕಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969 ಅನ್ನು ಅವಳು ಆರಿಸಿದಳು. ಬರೆಯುವುದು ಸಲೀಸು, ನಿಂತು ಮಾತಾಡುವುದೆಂದರೆ ಮಾತ್ರ ಅವಳಿಗೆ ಜ್ವರ. ಕಳೆದ ಸಲ ಬಾಯಿಯೇ ಬಿಡದೆ ಅತ್ತು ಮನೆಗೆ ಬಂದಿದ್ದಳು.

"ಅದೇ ವರ್ಷ ನಿನ್ನ ದೊಡ್ಡಪ್ಪ ಹುಟ್ಟಿದ್ದು. ಅವನನ್ನೂ ಬರಿ," ಎಂದರು ಅತ್ತೆ.

"ಅಜ್ಜಿ, ಓನ್ಲಿ ಅಮೆರಿಕನ್ಸ್!"

"ಅವರಿಗಿಂತ ಇವನಿಗೆ ಎಂತ ಕಮ್ಮಿ? ಹುಟ್ಟುವಾಗಲೇ ತಲೆ ತುಂಬ ಕೂದಲಿತ್ತು."

ಸತ್ತವರು

ಮಗಳು ಒಳಗೆ ಕನ್ನಡಿಯ ಮುಂದೆ ಸತ್ತವರನ್ನು ಬಾಯಿಪಾಠ ಮಾಡುತ್ತಿದ್ದಳು. ಎದುರು ಫ್ಲ್ಯಾಟಿನ ನರ್ಸ್, ನಾವು ಬಾಯಿ ಎಂದು ಕರೆಯುವ ಮಂಗಳೂರಿನ ಕೊಂಕಣಿಯವರು, ಬೆಲ್ ಒತ್ತಿದರು. ಅತ್ತೆ ಬಾಗಿಲು ಅರ್ಧ ತೆರೆದು, "ಒಳಗೆ ಸಾವಿನ ವಿಷಯ ನಡೀತಾ ಉಂಟು, ಆಮೇಲೆ ಬನ್ನಿ," ಎಂದು ಮೆಲ್ಲಗೆ ಹೇಳಿ ಕಳಿಸಿದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ನರ್ಸ್ ಬಾಯಿ ಸ್ವಲ್ಪ ಹೊತ್ತಿಗೆ ಒಂದು ಪಾತ್ರೆ ಗಂಜಿ, ಉಪ್ಪಿನಕಾಯಿ ಹಿಡಿದು ಬಂದು ಅತ್ತೆಯ ಪಕ್ಕ ಕೂತರು.

"ಯಾರು ಹೋದದ್ದು ಆಂಟಿ?"

"ಅಮೆರಿಕದ ಒಬ್ಬ ಮಾಜಿ ಅಧ್ಯಕ್ಷ."

"ದೇವಾ! ಯಾವಾಗ?"

"ನನ್ನ ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ."

ಗಂಜಿ ಬಿಸಿಯಾಗಿತ್ತು. ನಾವೆಲ್ಲ ಕೂತು ಉಂಡೆವು.

ಹಾಜರಿದ್ದವರು

ಆ ದಿನ ಪಾಲಕರನ್ನೂ ಕರೆದಿದ್ದರು, ಶಾಲೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಮಗಳು ಚಂದ್ರನವರೆಗೆ ಚೆನ್ನಾಗಿಯೇ ಹೋದಳು, ಹುಟ್ಟಿದವರನ್ನೂ ದಾಟಿದಳು. ಮಾಜಿ ಅಧ್ಯಕ್ಷರು ತೀರಿಕೊಂಡರು ಎಂದವಳು ಅಲ್ಲೇ ನಿಂತುಬಿಟ್ಟಳು.

ಹಿಂದಿನ ಸಾಲಿನಿಂದ ಅತ್ತೆ ಗಟ್ಟಿಯಾಗಿ ಕೇಳಿದರು: "ಪಾಪ, ಅವರಿಗೆ ಹೆಂಡತಿ ಮಕ್ಕಳು ಇದ್ರಾ ಮಗಾ?"

"ಹೂಂ ಅಜ್ಜಿ, ಹೆಂಡತಿ ಇದ್ರು, ಒಬ್ಬ ಮಗ ಇದ್ದ," ಎಂದಳು ಕನ್ನಡದಲ್ಲೇ, ಮನೆಯಲ್ಲಿ ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಮತ್ತೆ ಇಂಗ್ಲಿಷಿಗೆ ಹೊರಳಿ ಕೊನೆಯವರೆಗೂ ತಡವರಿಸದೆ ಹೇಳಿ ಮುಗಿಸಿದಳು. ಅತ್ತೆಗೆ ಸಂತೋಷಕ್ಕೆ ಕಣ್ಣೀರು ಬಂತು. ನನಗೂ ಬಂತು.

ಅಮೆರಿಕದವರೇ ಆದ ಟೀಚರ್ ಇದನ್ನು ನೋಡಿ ಬಂದು ಅತ್ತೆಯ ಕೈ ಹಿಡಿದರು. ಅತ್ತೆ ಅವರ ಕೈಯನ್ನೇ ತಟ್ಟಿ ಏನೋ ಹೇಳಿದರು. ಟೀಚರ್ ಅರ್ಥವಾಗದೆ ಮಗಳ ಮುಖ ನೋಡಿದರು. ಅವಳು ಇಡೀ ತರಗತಿಗೆ ಕೇಳುವಂತೆ ಅನುವಾದಿಸಿದಳು: "ನೀವು ಅಳಬಾರದಂತೆ. ಊರಿನ ಸಾವಿಗೆ ಹೋಗಲಿಕ್ಕೆ ಆಗದಿದ್ದದ್ದು ನಿಮ್ಮ ತಪ್ಪಲ್ಲವಂತೆ. ರಜೆ ಸಿಕ್ಕಿರಲಿಕ್ಕಿಲ್ಲ ಅಂತ ಸತ್ತವರಿಗೂ ಗೊತ್ತಾಗ್ತದಂತೆ."

ಪಾಲಕರೆಲ್ಲ ಜೋರಾಗಿ ನಕ್ಕರು. ಎಲ್ಲರೂ ಊರು ಬಿಟ್ಟು ಬಂದವರೇ, ನಗುತ್ತಿದ್ದ ಹಾಗೇ ಒಬ್ಬೊಬ್ಬರೇ ಟಿಶ್ಯೂ ಹುಡುಕತೊಡಗಿದರು. ಅಲ್ಲಿಯವರೆಗೆ ಅಳುವ ಯೋಚನೆಯೇ ಇರದಿದ್ದ ಟೀಚರ್ ಬಿಕ್ಕಿಬಿಕ್ಕಿ ಅತ್ತರು. ಕೊನೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, "ನೆಕ್ಸ್ಟ್!" ಎಂದು ಮುಂದಿನ ಹುಡುಗನನ್ನು ಕೂಗಿ ಕರೆದದ್ದು ನನ್ನ ಮಗಳು.