ಒಂದು ಬಡಿದರೆ ನಿಲ್ಲಿಸು

ನಮ್ಮ ಮಾವ ಈ ಜನ್ಮದಲ್ಲಿ ಒಂದು ಸಲವೂ ನಕ್ಕಿಲ್ಲ ಎಂದರೆ ನೀವು ನಂಬುವುದಿಲ್ಲ. ಮದುವೆಯ ಫೋಟೋದಲ್ಲೇನೋ ನಕ್ಕ ಹಾಗೆ ಕಾಣುತ್ತಾರೆ. ಆದರೆ ಅದು ಹೋಮದ ಹೊಗೆ ಕಣ್ಣಿಗೆ ಹೊಕ್ಕು ಮುಖ ಕಿವುಚಿದ್ದು ಎಂದು ಅವರೇ ಹೇಳಿಬಿಟ್ಟಿದ್ದಾರೆ! ಇಂಥ ಮಹಾನುಭಾವರು ನನ್ನ ಹಾಸ್ಯದ ಬ್ಲಾಗಿಗೆ ಸಂಪಾದಕರು. ಬೇರೆಯವರು ತಮ್ಮ ಬರಹ ತಿದ್ದಲು ಪಂಡಿತರನ್ನು ಹುಡುಕಿಕೊಳ್ಳುತ್ತಾರೆ. ನನಗೆ ಸಿಕ್ಕಿದ್ದು ನಮ್ಮಮ್ಮನ ತಮ್ಮ. ಅವರವರ ಯೋಗ್ಯತೆ!

ಮಾವ ಇರುವುದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ, ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯಲ್ಲಿ. ಗಣಿ ಮುಚ್ಚುವವರೆಗೆ, ಒಳಗಿಳಿಯುವ ಶಾಫ್ಟಿನ ಬಾಯಲ್ಲಿ ನಿಂತು ಗಂಟೆ ಬಡಿಯುವುದು ಅವರ ಕೆಲಸ. ಜನರನ್ನೂ ಕಲ್ಲನ್ನೂ ಇಳಿಸಿ ಹತ್ತಿಸುವ ಕೇಜನ್ನು ದೂರದಲ್ಲಿ, ಯಂತ್ರದ ಮನೆಯಲ್ಲಿ ಕೂತ ಡ್ರೈವರ್ ಓಡಿಸುತ್ತಿದ್ದ. ಅವನಿಗೆ ಇಲ್ಲಿಯದೇನೂ ಕಾಣುತ್ತಿರಲಿಲ್ಲ. ಮಾವನ ಗಂಟೆಯೇ ಅವನಿಗೆ ಕಣ್ಣು. ಒಂದು ಬಡಿದರೆ ನಿಲ್ಲಿಸು. ಎರಡು ಬಡಿದರೆ ಇಳಿಸು. ಮೂರು ಬಡಿದರೆ, ಒಳಗೆ ಮನುಷ್ಯರಿದ್ದಾರೆ, ನಿಧಾನ. ಇಷ್ಟೇ ವ್ಯಾಕರಣ.

ಗಣಿ ಮುಚ್ಚಿ ಎಷ್ಟೋ ವರ್ಷ ಸುಮ್ಮನಿದ್ದ ಆ ಗಂಟೆ, ವಯಸ್ಸಾಗುತ್ತಿದ್ದಂತೆ ಮಾವನ ತಲೆಗೆ ಹತ್ತಿತು. ಐದಾರು ವರ್ಷದಿಂದ ಅವರ ಮನೆಯಲ್ಲಿ ಮಾತಿಗಿಂತ ಬಡಿತವೇ ಜಾಸ್ತಿ. ತಟ್ಟೆಯ ಅಂಚಿಗೆ ಬೆರಳಿನಿಂದ ಎರಡು ಬಡಿದರೆ ಅತ್ತೆ ಮುದ್ದೆ ಇಳಿಸಬೇಕು, ಒಂದು ಬಡಿದರೆ ಅಲ್ಲಿಗೆ ನಿಲ್ಲಿಸಬೇಕು. ಅಡುಗೆಮನೆಗೂ ಪಡಸಾಲೆಗೂ ನಡುವೆ ತಗಡಿನ ಗೋಡೆ. ಅದಕ್ಕೆ ಕೋಲಿನಿಂದ ಮೂರು ಬಿಟ್ಟರೆ ಗೂಡಿನ ಲೋಟಗಳೆಲ್ಲ ಗಡಗಡ ನಡುಗುತ್ತವೆ, ಮನೆಗೆ ಜನ ಬಂದಿದ್ದಾರೆ ಎಂದರ್ಥ. ತಕ್ಷಣ ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷ!

"ಬಾಯಿಬಿಟ್ಟು ಕರೆಯಬಾರದಾ ಮಾವ?" ಎಂದು ಒಮ್ಮೆ ಕೇಳಿದೆ.

"ಬಾಯಿ ಉಣ್ಣಾಕೆ ಕಣ್ಲಾ," ಎಂದರು.

ಇನ್ನು ನನ್ನ ವಿಷಯ. ಬಂಗಾರಪೇಟೆಯ ಒಂದು ಶಾಲೆಗೆ ದಿನಾ ರೈಲಿನಲ್ಲಿ ಹೋಗಿಬರುವ ಗುಮಾಸ್ತ ನಾನು. 'ಸದರಿ ವಿದ್ಯಾರ್ಥಿಯು' ಎಂದು ಬರೆದು ಬರೆದು, ಮನೆಯಲ್ಲೂ 'ಸದರಿ ಸಾರಿಗೆ ಉಪ್ಪು ಕಡಿಮೆ' ಎನ್ನುವ ಸ್ಥಿತಿಗೆ ಬಂದಿದ್ದೆ. ಈ ರೋಗಕ್ಕೆ ಮದ್ದೆಂದು ಬ್ಲಾಗ್ ತೆರೆದೆ. ಲೋಕವೆಲ್ಲ ಬ್ಲಾಗ್ ಮುಚ್ಚಿಕೊಂಡು ವಿಡಿಯೋ ಕಡೆ ಹೋದ ಮೇಲೆ ನಾನು ತೆರೆದೆ ಎಂಬುದನ್ನು ಗಮನಿಸಿ! ಬ್ಲಾಗಿನಲ್ಲಿ ಹಾಸ್ಯ ಬಳಸುವುದು ಹೇಗೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಸೂತ್ರಗಳೂ ಸಿಕ್ಕವು. ಉತ್ಪ್ರೇಕ್ಷೆ ಮಾಡಿ. ನಿಮ್ಮನ್ನು ನೀವೇ ಗೇಲಿ ಮಾಡಿಕೊಳ್ಳಿ. ಕೊನೆಗೆ ಓದುಗರನ್ನು ಬೆಚ್ಚಿಬೀಳಿಸಿ. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದೆ. ನಮ್ಮ ಮನೆಯ ಸೊಳ್ಳೆ ಎಮ್ಮೆಯಷ್ಟಿತ್ತು ಎಂದು ಬರೆದೆ. ನಾನು ತೀರಾ ಒಳ್ಳೆಯವನು, ಅದೇ ನನ್ನ ದೌರ್ಬಲ್ಯ ಎಂದು ನನ್ನನ್ನೇ ಗೇಲಿ ಮಾಡಿಕೊಂಡೆ. ಮೂವರು ಓದಿದರು. ಒಬ್ಬ, ಫೋನಿನಲ್ಲಿ ನಾನು. ಇನ್ನೊಬ್ಬ, ಆಫೀಸಿನ ಕಂಪ್ಯೂಟರಿನಲ್ಲಿ ನಾನು. ಮೂರನೆಯವಳು ನನ್ನ ಹೆಂಡತಿ.

"ಓದಿದೆ ರೀ," ಅಂದಳು. "ಎಲ್ಲಿ ನಗ್ಬೇಕು ಅಂತ ಒಂದು ಗುರುತು ಹಾಕಿದ್ರೆ ಚೆನ್ನಾಗಿತ್ತು."

ಹಾಕಿದೆ. ಹಲ್ಲು ಕಿರಿಯುವ ಹಳದಿ ಮುಖಗಳನ್ನು ಸಾಲಿಗೆರಡರಂತೆ ಹಾಕಿದೆ!

ಆ ಹೊತ್ತಿಗೆ ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪೇಪರ್ ಓದಕೂಡದು ಎಂದಿದ್ದರು ಡಾಕ್ಟರು. ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ್‌ನಲ್ಲಿಳಿದು ಅವರನ್ನು ನೋಡಿಕೊಂಡು ಬರುವುದು ನನ್ನ ಹಳೆಯ ರೂಢಿ. ಪಾಪ, ಹೊತ್ತು ಹೋಗುವುದಿಲ್ಲ, ನನ್ನ ಬರಹವನ್ನಾದರೂ ಓದಿ ಹೇಳೋಣ ಎಂದುಕೊಂಡೆ. ಕಣ್ಣಿನ ಆಪರೇಷನ್ ಆದವರ ಮೇಲೆ ಯಾರಾದರೂ ಮಾಡಬಹುದಾದ ಪರಮ ದೌರ್ಜನ್ಯ ಇದು!

ಜಗಲಿಯ ಮರದ ಬೆಂಚಿನ ಮೇಲೆ ಮಾವ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಅತ್ತೆ, ಎದುರಿಗೆ ಮೋರೆ ಅರಳಿಸಿಕೊಂಡು ನಾನು. ಶೀರ್ಷಿಕೆ ಓದಿದೆನೋ ಇಲ್ಲವೋ, ಮಾವನ ಕೋಲು ಬೆಂಚಿನ ಕಾಲಿಗೆ ಟಕ್ ಎಂದಿತು.

"ಇನ್ನೂ ಶುರುವೇ ಮಾಡಿಲ್ಲ ಮಾವ!"

"ಅದ್ಕೇ ನಿಲ್ಸಿದ್ದು."

ಆಮೇಲೆ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇವ್ಯಾವ್ಲಾ ನಿಂಬೆಣ್ಣು?"

"ನಗೋ ಮುಖ ಮಾವ."

"ನೀನೇ ನಕ್ಬಿಟ್ರೆ ಓದೋನ್ಗೇನ್ಲಾ ಉಳೀತು?"

ಅಂದೇ ಎಲ್ಲ ಹಳದಿ ಮುಖಗಳನ್ನು ಕಿತ್ತೆ. ಸೊಳ್ಳೆಯ ಪ್ರಸಂಗಕ್ಕೆ ಎರಡು ಬಡಿದರು. "ಇಳ್ಸು. ಇನ್ನೂ ಮೇಲೇ ಐತೆ ನಿನ್ ಕೇಜು. ಸೊಳ್ಳೆ ಎಮ್ಮೆಯಷ್ಟಿತ್ತು ಅಂದ್ರೆ ಯಾರ್ ನಂಬ್ತಾರೆ? ಅದು ಕಚ್ದಾಗ ನೀನೇನ್ ಮಾಡ್ದೆ, ಅದೇಳು."

"ಹೊಡೆಯೋಕೆ ಹೋಗಿ ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಕನ್ನಡಕ ಮುರೀತು."

"ಅದ್ನ ಬರಿ."

ಇಂಟರ್ನೆಟ್ಟಿನ ಸೂತ್ರಗಳಿಗಿಂತ ಆ ಕೋಲೇ ವಾಸಿ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ, ಯಾಕೆಂದರೆ ನನ್ನ ಗಮನವೆಲ್ಲ ಅತ್ತೆಯ ಮೇಲಿತ್ತು. ನಾನು ಓದಿ, ನಿಲ್ಲಿಸಿ, ತಲೆ ಎತ್ತಿದ ಕೂಡಲೇ ಅತ್ತೆ ನಗುತ್ತಿದ್ದರು! ಸೆರಗು ಬಾಯಿಗೆ ಅಡ್ಡ ಹಿಡಿದು, ಅವರೆಕಾಳು ಉರುಳಿಹೋಗುವ ಹಾಗೆ ನಗುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ. ಲೋಕದಲ್ಲಿ ನನ್ನ ಹಾಸ್ಯ ಅರ್ಥವಾಗುವ ಒಂದೇ ಜೀವ ಎಂದರೆ ಅತ್ತೆ, ಈ ಮಾವನಿಗೇನು ಗೊತ್ತು ಎಂದುಕೊಳ್ಳುತ್ತಿದ್ದೆ. ಆ ನಗು ಇಲ್ಲದಿದ್ದರೆ ಬ್ಲಾಗಿಗೆ ಎಂದೋ ಬೀಗ ಬೀಳುತ್ತಿತ್ತು.

ಒಂದು ಭಾನುವಾರ ನಮ್ಮ ಹೆಡ್‌ಮಾಸ್ಟರ ಟೋಪನ್ನಿನ ಮೇಲೆ ಬರೆದದ್ದನ್ನು ಓದಿದೆ. ಮಾವ ಮೂರು ಬಡಿದರು.

"ಒಳ್ಗೆ ಮನುಷ್ಯ ಅವ್ನೆ ಕಣ್ಲಾ. ಬರೀ ಕಲ್ಲಿದ್ರೆ ಎಂಗಾದ್ರೂ ಎಳಿ. ಮನುಷ್ಯ ಇದ್ರೆ ನಿಧಾನ."

ಚೆನ್ನಾಗಿದ್ದ ಬರಹ ಹಾಳಾಯಿತಲ್ಲ ಎಂದು ಗೊಣಗಿಕೊಂಡೇ ಅಳಿಸಿದೆ.

ಅದರ ಮರುವಾರ ಬರೆಯಲು ಏನೂ ಇರಲಿಲ್ಲ. ಆಗ ಹೊಳೆಯಿತು ನೋಡಿ, ಮಾವನ ಮಗಳ ಮದುವೆ ಗೊತ್ತಾದಾಗಿನ ಬೀಗರೂಟ! ಬೀಗರು ಆಂಧ್ರದ ಗಡಿಯವರು, ಭಜನೆಯ ಕೈ. ಊಟಕ್ಕೆ ಕೂತರೂ ಬೆರಳು ಸುಮ್ಮನಿರದೆ ತಟ್ಟೆಯ ಅಂಚಿನಲ್ಲಿ ಟಕ್ ಟಕ್ ಎಂದು ತಾಳ ಹಾಕುತ್ತಿದ್ದರು. ಎರಡು ಬಡಿದರೆ ಏನು? ಇಳಿಸು! ಅತ್ತೆ ಒಂದು ಮುದ್ದೆ ಇಳಿಸಿದರು. ಬೀಗರು ಸಾಕು ಎನ್ನಲು ತೆಲುಗಿನಲ್ಲಿ "ಚಾಲು ಚಾಲು" ಎಂದರು, ಗಾಬರಿಯಲ್ಲಿ ಮತ್ತೆರಡು ಬಡಿದರು. ಇನ್ನೊಂದು ಇಳಿಯಿತು. "ಸಾಕಮ್ಮಾ!" ಎಂದರು. ಮತ್ತೊಂದು. ಕೊನೆಗೆ ಕೆಜಿಎಫ್‌ನಲ್ಲಿದ್ದೇವೆ ಎಂದು ನೆನಪಾಗಿ "ಪೋದುಂ, ಪೋದುಂ!" ಎಂದು ತಮಿಳಿನಲ್ಲೂ ಬೇಡಿಕೊಂಡರು. ನಾಲ್ಕನೆಯದು! ಮಾವ ಓಡಿಬಂದು ಅವರ ತಟ್ಟೆಗೆ ಒಂದು ಬಡಿದ ಮೇಲೆಯೇ ಬೀಗರ ಪ್ರಾಣ ಉಳಿದದ್ದು. 'ನಮ್ಮತ್ತೆಗೆ ಮೂರು ಭಾಷೆ ಬರುತ್ತದೆ, ಮೂರರಲ್ಲೂ ಸಾಕು ಎಂಬ ಪದ ಮಾತ್ರ ಬರುವುದಿಲ್ಲ. ಗಣಿಯ ಹುಚ್ಚು ಹಿಡಿದ ಮಾವ ಹೆಂಡತಿಯನ್ನೂ ಕೇಜ್ ಮಾಡಿಟ್ಟಿದ್ದಾರೆ' ಎಂದು ಬರೆದು ಮುಗಿಸಿದೆ.

ಇದನ್ನು ಮಾವನಿಗೆ ಓದಿ ಹೇಳಲಿಲ್ಲ. ಓದಿದರೆ ಮೂರು ಬಡಿಯುತ್ತಾರೆ ಎಂದು ಗೊತ್ತಿತ್ತು. ಗೊತ್ತಿದ್ದೇ ಓದಲಿಲ್ಲ.

ಜನ ಬಿದ್ದು ಬಿದ್ದು ನಕ್ಕರು! ಬ್ಲಾಗಿಗೆ ಹಾಕಿ, ನಮ್ಮ ರೈಲಿನವರ ವಾಟ್ಸ್ಯಾಪ್ ಗುಂಪಿಗೂ ಕಳಿಸಿದ್ದೆ, ಅಲ್ಲೆಲ್ಲ ಅದೇ ಸುದ್ದಿ. ನನ್ನನ್ನು ಕಂಡರೆ ಸೀಟಿಗೆ ಎರಡು ಬಡಿದು "ಮುದ್ದೆ ಇಳ್ಸಿ ಸಾರ್" ಎನ್ನುವವರೇ. ನಾನು ಬಾಗಿಲ ಹತ್ತಿರ, ಎಲ್ಲರಿಗೂ ಕಾಣುವ ಕಡೆ ನಿಲ್ಲತೊಡಗಿದೆ.

ಆ ಶುಕ್ರವಾರವೇ ಮಾವನ ಕಣ್ಣು ತೋರಿಸಬೇಕಿತ್ತು. ಅವರನ್ನೂ ಅತ್ತೆಯನ್ನೂ ಬಂಗಾರಪೇಟೆಗೆ ಕರೆದುಕೊಂಡು ಹೊರಟೆ. ಡಬ್ಬಿಯಲ್ಲಿ ಒಬ್ಬರು "ಅಂದ ಬೆಲ್ ಮಾಮಾ ಇವರ್ ದಾನಾ?" ಎಂದು, ಆ ಗಂಟೆ ಮಾವ ಇವರೇನಾ ಎಂದು ತಮಿಳಿನಲ್ಲಿ ಕೇಳಿದರು. ನಾನು ಹಲ್ಲು ಕಿರಿದೆ. ಅಷ್ಟೇ ಸಾಕಾಯಿತು, ಸುತ್ತ ಇದ್ದವರೆಲ್ಲ ಸೀಟು ಬಡಿದರು. ಏನೆಂದು ಮಾವ ಕೇಳಿದ್ದಕ್ಕೆ, ಕಾಲೇಜಿನ ಹುಡುಗಿಯೊಬ್ಬಳು ಅವರಿಗೆ ಖುಷಿಯಾಗಲೆಂದು ಫೋನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ನಾನು ಕಿಟಕಿಯಾಚೆ, ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ ನೋಡುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ಅದನ್ನು ಯಾರೂ ನೋಡಿರಲಾರರು. ಎಲ್ಲರೂ ಅತ್ತೆಯ ಕಡೆ ನೋಡಿ ನಗುತ್ತಿದ್ದರು. ಅವರು ನಗುವುದನ್ನು ಕಂಡು ಅತ್ತೆಯೂ ನಕ್ಕರು. ಮಾವ ಅತ್ತೆಯ ಮುಖ ನೋಡಿ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ಭಾನುವಾರ ಹೋದೆ. "ಬಾ" ಎಂದರು. ತಗಡಿಗೆ ಮೂರು ಬೀಳಲಿಲ್ಲ, ಅತ್ತೆ ಹೊರಗೆ ಬರಲಿಲ್ಲ. ಊಟಕ್ಕೆ ಕೂತಾಗಲೂ ಮಾವನ ಬೆರಳು ತಟ್ಟೆಯ ಪಕ್ಕ ಸುಮ್ಮನೆ ಬಿದ್ದಿತ್ತು. ಅತ್ತೆ ಆ ಬೆರಳನ್ನೇ ನೋಡಿದರು. ಒಂದಷ್ಟು ಹೊತ್ತು ನಿಂತು ನೋಡಿ, ಏನು ಮಾಡುವುದೆಂದು ತಿಳಿಯದೆ ಇನ್ನೊಂದು ಮುದ್ದೆ ಇಟ್ಟು, ಸಾರು ಸುರಿದು ಒಳಗೆ ಹೋದರು. ಒಂದೂವರೆ ಮುದ್ದೆಗಿಂತ ಹೆಚ್ಚು ಉಣ್ಣದ ಮಾವ ತಲೆ ಬಗ್ಗಿಸಿ ಅದನ್ನೂ ನುಂಗತೊಡಗಿದರು.

"ಅತ್ತೇ, ಮಾವನಿಗೆ ಸಾಕಂತೆ!" ಎಂದು ಕೂಗಿದೆ. ಬೆನ್ನು ಹಾಕಿದ್ದ ಅತ್ತೆ ಇತ್ತ ನೋಡಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಮನೆಯವರು ಇಣುಕಿದರು. ಮೂರು ಮಾರು ದೂರದಲ್ಲಿದ್ದ ಅತ್ತೆ ತಿರುಗಲಿಲ್ಲ.

"ಕೂಗ್ಬೇಡ," ಎಂದರು ಮಾವ. "ಆರು ವರ್ಷ ಆಯ್ತು ಅವ್ಳಿಗೆ ಕಿವಿ ಓಗಿ."

ನಾನು ತುತ್ತನ್ನು ತಟ್ಟೆಗೆ ಇಟ್ಟೆ.

"ಬಂದೋರ ಮುಂದೆ ಕೈಸನ್ನೆ ಮಾಡಿದ್ರೆ ಅವ್ಳನ್ನ ಕಿವುಡಿ ಅಂತಾರೆ. ಬಡಿದ್ರೆ ನನ್ನ ಉಚ್ಚ ಅಂತಾರೆ. ಅನ್ಲಿ ಬಿಡು ಅಂತ ಬಡೀತಿದ್ದೆ. ಈಗ ಎಲ್ರೂ ಬಡೀತಾರೆ. ಅದ್ರಲ್ಲಿ ನಂದ್ಯಾವ್ದು ಅಂತ ಅವ್ಳಿಗೆಂಗ್ಲಾ ಗೊತ್ತಾಗ್ಬೇಕು?"

ಆರು ವರ್ಷ! ವರ್ಷಕ್ಕೆ ಐವತ್ತೆರಡು ಭಾನುವಾರ! ರೈಲು ಎಷ್ಟೊತ್ತಿಗೆ ಎಂದು ಕೇಳಿದರೆ ಅವರೆಕಾಯಿ ಚೆನ್ನಾಗಿಲ್ಲ ಎನ್ನುತ್ತಿದ್ದ ಅತ್ತೆಯ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಎದುರಿನವರ ಮಾತು ಕೇಳಿಸಿಕೊಂಡು ಉತ್ತರ ಕೊಡುವ ಪದ್ಧತಿಯೇ ನಮ್ಮ ವಂಶದಲ್ಲಿಲ್ಲವಲ್ಲ! ಜನರನ್ನು ಸೂಕ್ಷ್ಮವಾಗಿ ಗಮನಿಸಿ ಬರೆಯುವ ಹಾಸ್ಯಗಾರ ಎಂದು ಬ್ಲಾಗಿನ ತಲೆಬರಹದಲ್ಲಿ ಹಾಕಿಕೊಂಡಿದ್ದೆ. ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಯಾರ ನಗುವನ್ನು ನಂಬಿಕೊಂಡು ಇಷ್ಟು ದಿನ ಬರೆದೆನೋ, ಅವರಿಗೆ ನನ್ನ ಒಂದು ಅಕ್ಷರವೂ ಕೇಳಿಸಿರಲಿಲ್ಲ.

ಅಂದೇ ಬೀಗರೂಟದ ಬರಹವನ್ನು ಅಳಿಸಿದೆ. ರೈಲಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, ಮಾವನ ಮುಂದೆ ಬಡಿಯಬೇಡಿ, ತಪ್ಪು ನನ್ನದು ಎಂದು ಕೈ ಮುಗಿದೆ. ಅಷ್ಟು ನಗು ಬರುವ ಹಾಗೆ ಬರೆದವನ ಮುಖ ಇಷ್ಟು ಅಳು ಬರುವ ಹಾಗೇಕಿದೆ ಎಂದು ಅವರಿಗೆಲ್ಲ ಗಾಬರಿ.

ಮುಂದಿನ ಭಾನುವಾರ ಮಾವನ ಪಕ್ಕದಲ್ಲಿ ಊಟಕ್ಕೆ ಕೂತೆ. ಅವರ ಬೆರಳು ಇನ್ನೂ ಮುಷ್ಕರದಲ್ಲಿತ್ತು. ಅತ್ತೆ ಎರಡನೆಯ ಮುದ್ದೆ ಹಿಡಿದು ನನ್ನ ತಟ್ಟೆಯತ್ತ ಬಗ್ಗಿದರು. ನಾನು ತಟ್ಟೆಗೆ ಒಂದು ಬಡಿದೆ. ಅತ್ತೆ ನಿಂತರು. ನನ್ನನ್ನು ನೋಡಿದರು, ಮಾವನನ್ನು ನೋಡಿದರು.

"ಇವ್ನಿಗೂ ಏಳ್ಬಿಟ್ರಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಲೈನ್ಗೆಲ್ಲಾ ಗೊತ್ತು ಕಣಪ್ಪಾ. ಗೊತ್ತಿಲ್ದೋನು ನೀನೊಬ್ನೇ. ಗುಟ್ಟು ಅಂದ್ಕೊಂಡಿರೋರು ಇವ್ರೊಬ್ರೇ!"

ಮಾವ ಬಾಯಿಗಿಟ್ಟ ತುತ್ತನ್ನು ನುಂಗುವುದನ್ನೇ ಮರೆತರು.

ಊಟವಾದ ಮೇಲೆ ಒಂದು ಕಾಗದದಲ್ಲಿ ಬರೆದು ಅತ್ತೆಯ ಕೈಗೆ ಕೊಟ್ಟೆ. 'ತಪ್ಪಾಯಿತು ಅತ್ತೆ. ನಡೆದದ್ದನ್ನು ನಡೆದ ಹಾಗೇ ಬರೆಯಲಾ? ಬೇಡವೆಂದರೆ ಬರೆಯುವುದಿಲ್ಲ.' ಅತ್ತೆ ಬೆಂಚಿನ ಮೇಲೆ ಕೂತು, ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದರು. ಪಕ್ಕದಲ್ಲಿದ್ದ ಮಾವ ಬೆಂಚಿನ ಕಾಲಿಗೆ ಮೂರು ಬಡಿದರು. ಎಷ್ಟು ದಿನದ ಮೇಲೆ! ಅತ್ತೆ ಬೆಂಚಿಗೆ ಅಂಗೈ ಊರಿ, ಗೊತ್ತಾಯಿತು ಎನ್ನುವಂತೆ ಅವರ ಕಡೆ ತಲೆಯಾಡಿಸಿದರು.

"ಬರ್ಕೊ," ಎಂದರು ನನಗೆ. "ಆದ್ರೆ ನಾನು ಸುಳ್ಳ್ ಸುಳ್ಳೇ ನಗ್ತಿದ್ದೆ ಅಂತ ಬರೀಬ್ಯಾಡ. ನಿನ್ ಮಾತು ಒಂದೂ ಕೇಳ್ಸಿಲ್ಲ, ನಿಜ. ಓದೋದ್ ನಿಲ್ಸಿ, ನಕ್ರಾ ಇಲ್ವಾ ಅಂತ ತಲೆ ಎತ್ತಿ ನೋಡ್ತೀಯಲ್ಲ, ಆ ಮುಖ ನೋಡಿದ್ರೆ ಯಾರ್ಗಾದ್ರೂ ನಗು ಬತ್ತದೆ ಕಣಪ್ಪಾ!"

ಆಗ ನನ್ನ ಮುಖ ಹೇಗಿತ್ತೋ ಕಾಣೆ, ಅತ್ತೆ ಸೆರಗು ಬಾಯಿಗೆ ಹಿಡಿದರು. ಮಾವ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು. ಆಪರೇಷನ್ ಆದ ಕಣ್ಣನ್ನು ಪಂಚೆಯ ತುದಿಯಿಂದ ಒತ್ತಿಕೊಂಡು, "ಒಗೆ ಕಣ್ಲಾ, ಒಗೆ," ಎಂದರು.

ಆ ಮನೆಯಲ್ಲಿರುವುದು ಗ್ಯಾಸ್ ಒಲೆ. ಹೊಗೆ ಎಲ್ಲಿಂದ ಬರಬೇಕು ಮಾವ ಎಂದು ಕೇಳಲು ಬಾಯಿ ತೆರೆದೆ.

ಟಕ್ ಎಂದು ಒಂದು ಬಡಿದರು.

ನಿಲ್ಲಿಸಿದ್ದೇನೆ.